ಬಾವಿ ತಿರುವಿನ ಚರಟ

ಝಾಂಗ್‌ಷು ಊರಿನ ಔಷಧಿ ಅಂಗಡಿಯಲ್ಲಿ ಲೈಫೆಂಗ್ ಚೀಟಿ ಓದಿ ಮೂಲಿಕೆ ಕಟ್ಟಿಕೊಡುವ ಕೆಲಸಕ್ಕೆ ಸೇರಿ ಹನ್ನೊಂದು ವರ್ಷವಾಗಿತ್ತು. ಅವಳ ಬೆನ್ನ ಹಿಂದೆ ಗೋಡೆಯುದ್ದಕ್ಕೂ ಇನ್ನೂರು ಚಿಲ್ಲರೆ ಮರದ ಖಾನೆಗಳು. ಯಾವುದರಲ್ಲಿ ಏನಿದೆ ಎಂದು ಅವಳು ಹುಡುಕುತ್ತಿರಲಿಲ್ಲ, ಕೈ ತಾನಾಗಿ ಹೋಗುತ್ತಿತ್ತು. ಒಂದು ಹಿಡಿ ತೆಗೆದು ತಕ್ಕಡಿಗೆ ಹಾಕಿದರೆ ಕೂದಲೆಳೆಯಷ್ಟೂ ಹೆಚ್ಚುಕಡಿಮೆ ಬರುತ್ತಿರಲಿಲ್ಲ. ಊರಿನ ಯಾವ ಗಂಡಸಿಗೆ ಮೂತ್ರಕೋಶದ ತೊಂದರೆ, ಯಾವ ಮದುವಣಗಿತ್ತಿಗೆ ನಿದ್ದೆಯಿಲ್ಲ, ಯಾವ ಮೇಷ್ಟರಿಗೆ ಮೂಲವ್ಯಾಧಿ, ಎಲ್ಲವೂ ಅವಳಿಗೆ ಗೊತ್ತು. ಗೊತ್ತಿದ್ದೂ ಬಾಯಿಗೆ ಬೀಗ. ಚೀಟಿಯಲ್ಲಿದ್ದದ್ದು ಚೀಟಿಯಲ್ಲೇ ಇರಬೇಕು ಎಂಬುದು ಕಸುಬಿನ ಮೊದಲ ಪಾಠ. ಬೇರೆಯವರ ಗುಟ್ಟಿಗೆ ಹಾಕಿದ ಬೀಗ ತನ್ನ ಬಾಯಿಗೂ ಹಾಗೇ ಬಿದ್ದುಬಿಡುತ್ತದೆ ಎಂದು ಮಾತ್ರ ಅವಳಿಗೆ ಯಾರೂ ಹೇಳಿರಲಿಲ್ಲ.

ಆ ಪಾಠ ಹೇಳಿಕೊಟ್ಟವನು ಅವಳ ಮಾವ, ಮುದುಕ ನಿಯೆ. ಬೇರು, ಗೆಡ್ಡೆ, ತೊಗಟೆ ಹೆಚ್ಚುವುದರಲ್ಲಿ ಝಾಂಗ್‌ಷುವಿಗೆ ದೊಡ್ಡ ಹೆಸರು. ಆ ಹೆಸರಿನಲ್ಲಿ ಒಂದು ಪಾಲು ಈ ಮುದುಕನದು. ಬೆರಳ ತುದಿಯಷ್ಟೇ ಇರುವ ಬಾನ್ಶಿಯಾ ಗೆಡ್ಡೆಯನ್ನು ಮೀನಿನ ಹುರುಪೆಯಷ್ಟು ತೆಳ್ಳಗೆ ಹೆಚ್ಚುತ್ತಿದ್ದ. ಬಿಲ್ಲೆಯನ್ನು ಬೆಳಕಿಗೆ ಹಿಡಿದರೆ ಆಚೆಯ ಬೆರಳಿನ ನೆರಳು ಕಾಣಬೇಕು, ಇಲ್ಲದಿದ್ದರೆ ಅದನ್ನು ಪಕ್ಕಕ್ಕೆ ಎಸೆಯುತ್ತಿದ್ದ. ಮೆಷಿನ್ ಬಂತು, ಅಂಥ ಕೈಗಳನ್ನು ಕೇಳುವವರಿಲ್ಲವಾಯಿತು. ಓರಗೆಯವರು ಒಬ್ಬೊಬ್ಬರೇ ಹೋದರು. ನಿಯೆ ತನ್ನ ಕತ್ತಿಗೆ ಎಣ್ಣೆ ಸವರಿ, ಬಟ್ಟೆ ಸುತ್ತಿ, ಪೆಟ್ಟಿಗೆಯ ತಳಕ್ಕೆ ಹಾಕಿದ. ಊರಿನಲ್ಲಿ ಆ ತೆಳುವಿನ ಹುರುಪೆ ಹೆಚ್ಚಬಲ್ಲವರು ಇನ್ನೊಬ್ಬರು ಉಳಿದಿರಲಿಲ್ಲ.

ಅವನ ಮಗ ಷುಯಿಗೆನ್, ಅಂದರೆ ಲೈಫೆಂಗಳ ಗಂಡ, ಮೂಲಿಕೆ ಸಾಗಿಸುವ ಲಾರಿಯ ಚಾಲಕ. ಆರು ವರ್ಷದ ಹಿಂದೆ ಬೆಟ್ಟದ ರಸ್ತೆಯಲ್ಲಿ ಲಾರಿ ಉರುಳಿ ಹೋದ. ಮಗನ ಹೆಣದ ಮುಂದೆ ಮುದುಕ ಒಂದು ಹನಿ ಕಣ್ಣೀರು ಹಾಕಲಿಲ್ಲ. ಕಲ್ಲು ಕಣಪ್ಪ ಅವನು, ಎಂದು ಓಣಿಯವರು ಆಡಿಕೊಂಡರು. ಆಡಿಕೊಳ್ಳಲು ಓಣಿಯವರಿಗೇನು, ಬಾಯಿ ಬಿಟ್ಟಿ. ನೆಲಕ್ಕೆ ಬಿದ್ದು ಹೊರಳುತ್ತಿದ್ದ ಸೊಸೆಯನ್ನು ಮೂರು ದಿನ ಎರಡು ಕೈಯಲ್ಲಿ ಹಿಡಿದು ಕೂತಿದ್ದವನು ಅವನು, ತಾನೂ ಅತ್ತರೆ ಅವಳನ್ನು ಹಿಡಿಯುವವರು ಯಾರು?

ಮಕ್ಕಳಿರಲಿಲ್ಲ. ಅಂದಿನಿಂದ ಒಂದು ಮನೆ, ಒಂದು ಮೇಜು, ಎರಡು ಬಟ್ಟಲು. ಅವನು ಬೆಳ್ಳುಳ್ಳಿ ಸುಲಿದು ಕೊಡುವನು, ಅವಳು ಒಗ್ಗರಣೆ ಹಾಕುವಳು. ಮೀನಿನ ಕೆನ್ನೆಯ ಮಾಂಸ ಅವಳು ಅವನ ಬಟ್ಟಲಿಗೆ ಹಾಕಿದರೆ, ಅವಳು ಅತ್ತ ತಿರುಗಿದಾಗ ಅವನು ಅದನ್ನು ಅವಳ ಬಟ್ಟಲಿಗೇ ವಾಪಸು ಹಾಕುವನು. ಹವೆ, ಅಕ್ಕಿ, ಸೋರುವ ಹೆಂಚು, ಎಲ್ಲ ಮಾತಾಡುತ್ತಿದ್ದರು. ಷುಯಿಗೆನ್‌ನ ಹೆಸರೊಂದನ್ನು ಬಿಟ್ಟು.

ಓಣಿಯ ಬಾಯಲ್ಲಿ ಆವೋ ಎಂಬವನ ತೋಫು ಅಂಗಡಿ. ಮೂವತ್ತೆಂಟು ದಾಟಿದರೂ ಮದುವೆಯಾಗಿರಲಿಲ್ಲ, ಯಾವಾಗಲೂ ಮೊಣಕೈವರೆಗೆ ಒದ್ದೆ. ಲೈಫೆಂಗ್ ಬಂದರೆ ಅಚ್ಚಿನ ಮೂಲೆಯ ಗಟ್ಟಿ ತುಂಡನ್ನೇ ಕತ್ತರಿಸಿ ಕೊಡುವನು, ಬೇರೆಯವರು ಕೇಳಿದರೆ ಮೂಲೆ ಮುಗಿಯಿತು ಎನ್ನುವನು. ನಾಲ್ಕು ಮೂಲೆಯ ಅಚ್ಚಿನಲ್ಲಿ ಬೆಳಿಗ್ಗೆ ಆರಕ್ಕೇ ಮೂಲೆ ಮುಗಿಯುವುದು ಹೇಗೆ ಎಂದು ಓಣಿಯ ಹೆಂಗಸರು ನಗುತ್ತಿದ್ದರು. ಶರತ್ಕಾಲ ಮುಗಿಯುವ ಹೊತ್ತಿಗೆ ಒಂದು ದಿನ ಅವನು ಬಾಯಿಬಿಟ್ಟ.

"ನೋಡು ಲೈಫೆಂಗ್, ನಾನು ಕಾಯ್ತೀನಿ. ನಮ್ಮಮ್ಮ ಕಾಯಲ್ಲ. ಚಳಿಹಬ್ಬದೊಳಗೆ ಆಗುತ್ತೋ ಇಲ್ವೋ ಒಂದು ಮಾತು ಹೇಳ್ಬಿಡು. ಇಲ್ಲಾಂದ್ರೆ ಫೆಂಗ್‌ಚೆಂಗ್ ಕಡೆ ಹೆಣ್ಣು ನೋಡೋಕೆ ಎಳ್ಕೊಂಡು ಹೋಗ್ತಾಳಂತೆ."

"ಹೋಗು. ಯಾರು ಬೇಡ ಅಂದ್ರು?"

"ನೀನು ಬೇಡ ಅಂತೀಯೇನೋ ಅಂತಾನೇ ಇಷ್ಟು ದಿನ ಇಲ್ಲಿ ನಿಂತಿರೋದು."

ಅವಳಿಗೆ ನಗು ಬಂತು. ನಕ್ಕು ಬಹಳ ಕಾಲವಾಗಿತ್ತು, ಅದಕ್ಕೇ ಹೆದರಿಕೆಯೂ ಆಯಿತು. ಅವನು ಬೇಕು ಎಂಬುದರಲ್ಲಿ ಅವಳಿಗೆ ಅನುಮಾನವಿರಲಿಲ್ಲ. ಆದರೆ ಮಗನನ್ನು ಕಳೆದುಕೊಂಡವನ ಎದುರು ಕೂತು, ಅಪ್ಪಾ, ನಾನು ಇನ್ನೊಬ್ಬನ ಮನೆಗೆ ಹೋಗುತ್ತೇನೆ ಎನ್ನುವುದು ಹೇಗೆ? ಊಟಕ್ಕೆ ಕೂತಾಗಲೆಲ್ಲ ಆ ಮಾತು ಎದೆಯಿಂದ ಹೊರಡುತ್ತಿತ್ತು, ಗಂಟಲಿಗೆ ಬಂದು ನಿಂತುಬಿಡುತ್ತಿತ್ತು. ಹತ್ತು ದಿನದಲ್ಲಿ ಅಲ್ಲಿ ಏನೋ ಗಟ್ಟಿಯಾಗಿ ಕೂತುಕೊಂಡಿತು. ಅನ್ನ ಇಳಿಯುತ್ತದೆ, ನೀರು ಇಳಿಯುತ್ತದೆ. ಬರೀ ಉಗುಳು ನುಂಗಿದರೆ ಮಾತ್ರ ಅದು ಅಲ್ಲೇ ಇರುತ್ತದೆ. ನುಂಗಲೂ ಆಗದು, ಉಗುಳಲೂ ಆಗದು.

ಅವಳಿಗೆ ಅದರ ಹೆಸರು ಗೊತ್ತಿಲ್ಲವೇ? ವಾರಕ್ಕೆ ಎರಡು ಸಲ ಆ ಚೀಟಿಗೆ ಮೂಲಿಕೆ ಕಟ್ಟುವವಳು. ಪ್ಲಮ್ ಹಣ್ಣಿನ ಗೊರಟೆ ಎಂದು ಕರೆಯುತ್ತಾರೆ ಆ ರೋಗವನ್ನು. ಐದು ಮೂಲಿಕೆ: ಬಾನ್ಶಿಯಾ ಗೆಡ್ಡೆ, ಹೌಪೋ ತೊಗಟೆ, ಪೈನ್ ಮರದ ಬೇರಿನಲ್ಲಿ ಬೆಳೆಯುವ ಬಿಳಿ ಅಣಬೆ, ಹಸಿಶುಂಠಿ, ಕೆನ್ನೀಲಿ ಬಣ್ಣದ ಸೂ ಎಲೆ. ಆದರೆ ಚೀಟಿ ಬರೆಸಬೇಕೆಂದರೆ ಅದೇ ಅಂಗಡಿಯಲ್ಲಿ ಕೂರುವ ಯಾನ್ ಡಾಕ್ಟರ ಮುಂದೆ ಕೈ ಚಾಚಬೇಕು. ಆ ಮುದಿ ಡಾಕ್ಟರು ನಾಡಿ ಹಿಡಿದವರೇ, ಏನನ್ನು ಹೇಳದೆ ಇಟ್ಟುಕೊಂಡಿದ್ದೀಯಮ್ಮಾ ಎಂದು ಕೇಳಿಬಿಡುತ್ತಾರೆ. ಅದಕ್ಕೇ ಅವಳು ಚಾಚಲಿಲ್ಲ.

ಆವೋನ ಕಣ್ಣು ತಪ್ಪಿಸಲು ಅವಳು ಓಣಿಯ ಬಾಯಿ ಬಿಟ್ಟು, ಹಿಂದಿನ ಬಾವಿ ತಿರುವಿನಿಂದ ಕೆಲಸಕ್ಕೆ ಹೋಗತೊಡಗಿದಳು. ಸುತ್ತು ದಾರಿ, ಓಡಾಟ ಕಡಿಮೆ. ಮೊದಲ ದಿನವೇ ಅಲ್ಲಿನ ಕಲ್ಲುಹಾಸಿನ ಮೇಲೆ ಕಷಾಯದ ಚರಟ ಬಿದ್ದಿತ್ತು. ಕಷಾಯ ಕುಡಿದವರ ಮನೆಯವರು ಚರಟವನ್ನು ದಾರಿಗೆ ಚೆಲ್ಲುವುದು ಅಲ್ಲಿನ ರೂಢಿ. ತುಳಿದು ಹೋದವರ ಕಾಲಿನ ಜೊತೆ ರೋಗವೂ ಮನೆ ಬಿಟ್ಟು ಹೋಗುತ್ತದಂತೆ. ಅದಕ್ಕೆ ಜನ ತುಂಬಾ ಓಡಾಡುವ ಜಾಗ ಹುಡುಕಿ ಚೆಲ್ಲುತ್ತಾರೆ. ಇದ್ಯಾವ ದಡ್ಡರು ಈ ಮೂಲೆಯಲ್ಲಿ ಚೆಲ್ಲಿದ್ದಾರೆ ಎಂದುಕೊಳ್ಳುತ್ತಾ ಲೈಫೆಂಗ್ ಬಗ್ಗಿ ನೋಡಿದಳು. ಕಸುಬಿನ ಕಣ್ಣು, ಸುಮ್ಮನಿರುತ್ತದೆಯೇ? ತೊಗಟೆ. ಬಿಳಿ ಅಣಬೆ. ಶುಂಠಿ. ಬಾಡಿದ ಕೆನ್ನೀಲಿ ಎಲೆ. ಗೊರಟೆ ರೋಗ!

ಬಾವಿಕಟ್ಟೆಯಲ್ಲಿ ಸೊಪ್ಪು ತೊಳೆಯುತ್ತಿದ್ದ ದಪ್ಪ ಹೆಂಗಸು ತಲೆಯೆತ್ತಿದಳು. "ಏನೇ, ಈಗ ಈ ಕಡೆ ಸವಾರಿ? ತೋಫು ಹುಳಿಯಾಯ್ತಾ?"

ಇವಳದೇ ಇರಬೇಕು, ಓರಗಿತ್ತಿಯ ಜೊತೆ ಮಾತು ಬಿಟ್ಟು ವರ್ಷವಾಯಿತು ಎಂದು ಲೈಫೆಂಗ್ ತೀರ್ಮಾನ ಮಾಡಿದಳು. ಮಾಡಿ ಎರಡು ಹೆಜ್ಜೆ ಹೋದವಳು ನಿಂತಳು. ಇವಳಿಗೇನಾದರೂ ಮಾತು ಗಂಟಲಲ್ಲಿ ನಿಲ್ಲುವುದುಂಟೇ? ಹಿಂದಕ್ಕೆ ಬಂದು ಕುಕ್ಕರಗಾಲಿನಲ್ಲಿ ಕೂತು, ಬಾನ್ಶಿಯಾದ ಒಂದು ಬಿಲ್ಲೆಯನ್ನು ಎತ್ತಿಕೊಂಡಳು. ಮೆಷಿನ್ನಿನ ಬಿಲ್ಲೆ ದಪ್ಪ, ಕುದಿದರೂ ಗಟ್ಟಿ. ಇದು ಬೆರಳಿಗೆ ಅಂಟಿಕೊಂಡಿತು. ಬಿಸಿಲಿಗೆ ಹಿಡಿದಳು. ಆಚೆಗೆ ತನ್ನ ಬೆರಳಿನ ನೆರಳು ಕಂಡಿತು.

ಮೀನಿನ ಹುರುಪೆ.

ಇಷ್ಟು ತೆಳ್ಳಗೆ ಹೆಚ್ಚುವ ಕೈ ಊರಿನಲ್ಲಿ ಒಂದೇ. ಒಂದು ತಿಂಗಳಿಂದ ಮುದುಕ ಕ್ಯಾಕರಿಸುತ್ತಿದ್ದ. ಹೊಗೆಸೊಪ್ಪಿನ ಕೆಮ್ಮು ಎಂದು ಬಗೆದು ಅವಳು ಮರಸೇಬಿಗೆ ಕಲ್ಲುಸಕ್ಕರೆ ಹಾಕಿ ಬೇಯಿಸಿ ಕೊಟ್ಟಿದ್ದಳು, ಅವನೂ ಪಾಪ ತಿಂದಿದ್ದ. ಊರಿನವರ ರೋಗವನ್ನೆಲ್ಲ ಬಲ್ಲ ಜಾಣೆಗೆ ಮನೆಯೊಳಗಿನ ಗಂಟಲು ತಿಳಿಯಲಿಲ್ಲ. ಅವಳ ಅಂಗಡಿಗೆ ಬರದೆ, ಹಳೆಯ ಗೆಳೆಯರ ಮಂಡಿಯಲ್ಲಿ ಇಡೀ ಗೆಡ್ಡೆ ತಂದು, ಪೆಟ್ಟಿಗೆಯ ತಳದ ಕತ್ತಿ ತೆಗೆದು, ಅವಳು ಕೆಲಸಕ್ಕೆ ಹೋದಮೇಲೆ ಒಬ್ಬನೇ ಕೂತು ಹೆಚ್ಚಿ ಕುದಿಸಿಕೊಂಡಿದ್ದಾನೆ, ಚರಟವನ್ನು ಅವಳು ಏಳುವ ಮುಂಚೆ ಇಲ್ಲಿ ತಂದು ಚೆಲ್ಲಿದ್ದಾನೆ.

ಅಂಗಡಿಗೆ ಹೋದವಳೇ ಡಾಕ್ಟರ ಮೇಜಿನ ಮುಂದೆ ನಿಂತಳು. "ನಮ್ಮಪ್ಪ ನಿಮ್ಮನೆಗೆ ಬಂದಿದ್ರಾ ಡಾಕ್ಟ್ರೇ?"

"ಚೀಟೀಲಿರೋದು ಚೀಟೀಲೇ ಇರ್ಬೇಕಮ್ಮಾ. ನಿನಗೆ ನಾನು ಹೇಳಿಕೊಡ್ಬೇಕಾ?" ಎನ್ನುತ್ತಲೇ ಅವರು ಅವಳ ಎಡಗೈ ಎಳೆದುಕೊಂಡು ಮೂರು ಬೆರಳಿಟ್ಟರು. ಕಣ್ಣು ಮುಚ್ಚಿದರು. "ಅಯ್ಯೋ ಅಯ್ಯೋ. ಪಿಟೀಲಿನ ತಂತಿ ಥರ ಬಿಗಿದಿದೆಯಲ್ಲೇ. ಯಕೃತ್ತು ಅನ್ನೋದು ಕಾಲು ಚಾಚಿ ಕೂರೋ ಸ್ವಭಾವದ್ದು. ಮಾತನ್ನ ಒಳಗೇ ಅದುಮಿಟ್ರೆ ಅದು ಮುದುಡ್ಕೊಳ್ಳುತ್ತೆ, ಮೈಯೊಳಗಿನ ಗಾಳಿ ಗಂಟು ಬೀಳುತ್ತೆ. ಗಾಳಿ ಆಡದೆ ಇದ್ರೆ ಹೊಟ್ಟೇಲಿ ನೀರು ನಿಂತು ಕಫ ಆಗುತ್ತೆ. ಎರಡೂ ಸೇರಿ ಮೇಲೆ ಬಂದು ಗಂಟಲಲ್ಲಿ ಗೊರಟೆಯಾಗಿ ಕೂರುತ್ತೆ. ಗೆಡ್ಡೆ ಕಫ ಕರಗಿಸುತ್ತೆ, ತೊಗಟೆ ಗಾಳೀನ ಕೆಳಗಿಳಿಸುತ್ತೆ, ಎಲೆ ಕಟ್ಟಿಕೊಂಡಿದ್ದನ್ನ ಬಿಡಿಸುತ್ತೆ. ಅಷ್ಟೇ ನನ್ನ ಕೈಲಾಗೋದು. ಮಾತು ಆಡಬೇಕಾದವರು ನೀವು." ಬೆರಳು ತೆಗೆದು, ಕನ್ನಡಕ ಒರೆಸುತ್ತಾ, ಯಾರಿಗೋ ಹೇಳಿದಂತೆ ಹೇಳಿದರು: "ಇದೇ ನಾಡಿ ಮೊನ್ನೆ ಇನ್ನೊಂದು ಕೈಯಲ್ಲೂ ನೋಡ್ದೆ."

ಮುದುಕನ ಗಂಟಲಲ್ಲಿರುವುದು ಏನು ಎಂದು ಲೈಫೆಂಗ್ ತನ್ನಷ್ಟಕ್ಕೇ ಊಹಿಸಿಕೊಂಡಳು. ಆವೋನ ಸುದ್ದಿ ಅವನ ಕಿವಿಗೆ ಬಿದ್ದಿದೆ. ಮಗನ ಜಾಗಕ್ಕೆ ಇನ್ನೊಬ್ಬನೇ ಎಂಬ ನೋವು, ಬೈಯಲಾರದೆ ನುಂಗಿಕೊಂಡಿದ್ದಾನೆ. ಅಷ್ಟು ಸಾಕಾಯಿತು ಅವಳಿಗೆ. ಚಳಿಹಬ್ಬಕ್ಕೆ ಆರು ದಿನವಿತ್ತು. ಆವೋನಿಗೆ ಇಲ್ಲ ಎಂದುಬಿಡುವುದು, ಮುಗಿಯಿತು ಎಂದು ನಿರ್ಧರಿಸಿದಳು. ಆ ನಿರ್ಧಾರ ಮಾಡಿದ ದಿನ ಅವಳಿಗೆ ಊಟ ಸೇರಲಿಲ್ಲ, ಮೇಜಿನಾಚೆ ಮುದುಕನಿಗೂ ಸೇರಲಿಲ್ಲ.

ಮಾರನೆಯ ಬೆಳಿಗ್ಗೆಯಿಂದ ಅವಳು ಬಾವಿ ತಿರುವಿಗೆ ಬೇಕೆಂದೇ ಹೋದಳು. ಹೊಸ ಚರಟ ಬಿದ್ದಿರುತ್ತಿತ್ತು. ಸುತ್ತ ಯಾರೂ ಇಲ್ಲದ್ದು ನೋಡಿ, ಎರಡೂ ಪಾದವನ್ನು ಅದರ ಮೇಲಿಟ್ಟು ಚೆನ್ನಾಗಿ ತುಳಿಯುತ್ತಿದ್ದಳು, ಒಂದು ಎಲೆಯೂ ತಪ್ಪದ ಹಾಗೆ. ಯಾರ ಕಾಲೂ ಬರದ ಜಾಗ, ಇನ್ಯಾರು ಹೊತ್ತುಕೊಂಡು ಹೋಗಬೇಕು? ತನಗೆ ಹೇಗೂ ಒಂದು ಗೊರಟೆಯಿದೆ, ಇನ್ನೊಂದು ಬಂದರೆ ಬರಲಿ.

ನಾಲ್ಕನೆಯ ದಿನ ಹಾಗೆ ತುಳಿಯುತ್ತಿದ್ದಾಗ ಹಿಂದಿನಿಂದ ಕೂಗು ಕೇಳಿತು.

"ತುಳೀಬೇಡ! ಏಯ್, ತೆಗಿ ಕಾಲು!"

ಕಷಾಯದ ಮಡಕೆಯ ಮುಚ್ಚಳವನ್ನು ಬಾವಿಕಟ್ಟೆಯ ಮೇಲೆ ಮರೆತು ಹೋಗಿದ್ದ ಮುದುಕ ವಾಪಸು ಬಂದಿದ್ದ. ಆರು ವರ್ಷದಲ್ಲಿ ಅವನು ದನಿ ಎತ್ತಿದ್ದು ಅದೇ ಮೊದಲು. ಓಡಿಬಂದು ಅವಳ ತೋಳು ಹಿಡಿದು ಎಳೆದ.

"ಬುದ್ಧಿ ಇದೆಯೇನೇ ನಿಂಗೆ? ನೀನು ಓಣಿ ಬಾಯಿಂದ ಹೋಗ್ತೀಯ ಅಂತ, ನಿನ್ನ ಕಾಲಿಗೆ ಸಿಕ್ಕಬಾರದು ಅಂತ, ಊರೆಲ್ಲಾ ಸುತ್ತಿ ಈ ಮೂಲೆ ಹುಡುಕಿದ್ದೀನಿ ನಾನು! ಬಂದು ಕುಣೀತಾಳೆ ಅದರ ಮೇಲೆ!"

"ಮತ್ಯಾರು ತುಳೀಬೇಕು? ಇಲ್ಲಿ ನಾಯಿನೂ ಬರಲ್ಲ."

"ಬರದಿದ್ರೆ ಬೇಡ! ನನ್ನ ರೋಗ ನನ್ನ ಹತ್ರಾನೇ ಇರ್ಲಿ. ನಿನಗೆ ಅಂಟಿದ್ರೆ?"

"ಅಂಟೋದೇನು ಬಂತು ಅಪ್ಪಾ," ಎಂದಳು ಲೈಫೆಂಗ್. "ನನಗೂ ಅದೇ ಇದೆ. ತಿಂಗಳಾಯ್ತು."

ಮುದುಕ ಅವಳ ಗಂಟಲು ನೋಡಿದ, ಮುಖ ನೋಡಿದ. ತೋಳು ಬಿಟ್ಟು ಬಾವಿಕಟ್ಟೆಯ ಮೇಲೆ ಕುಸಿದು ಕೂತ. ಕಪ್ಪು ಮುಚ್ಚಳವನ್ನು ತೊಡೆಯ ಮೇಲಿಟ್ಟುಕೊಂಡು ಉಗುಳು ನುಂಗಿದ, ಇನ್ನೊಮ್ಮೆ ನುಂಗಿದ.

"ಆ ಆವೋನ ತೋಫು ಚೆನ್ನಾಗಿರುತ್ತೆ," ಎಂದ.

"ಅಪ್ಪಾ?"

"ತೋಫು ಅಲ್ಲ. ಹುಡುಗ. ಹುಡುಗ ಚೆನ್ನಾಗಿದಾನೆ. ಅಚ್ಚಿನ ಮೂಲೆ ಎತ್ತಿಡ್ತಾನೆ ನಿಂಗೆ, ದಿನಾ ನೋಡ್ತೀನಿ. ಹೋಗು ಮಗಾ, ಮದುವೆ ಮಾಡ್ಕೋ ಅಂತ ಹೇಳ್ಬೇಕು ನಾನು. ಹೇಳೋಣ ಅಂತ ಬಾಯಿ ತೆಗೀತೀನಿ. ಮುದುಕ ನನ್ನನ್ನ ಮನೆಯಿಂದ ಆಚೆ ಹಾಕ್ತಿದಾನೆ ಅಂದ್ಕೊಂಡ್ರೆ? ಹೇಳದೆ ಇದ್ರೆ ನೀನಾಗಿ ಹೋಗೋಳಲ್ಲ, ನಿನ್ನ ವಯಸ್ಸು ಹೋಗುತ್ತೆ. ಹೇಳಿದ್ರೆ..." ಅವನು ಮುಚ್ಚಳವನ್ನು ತಿರುಗಿಸಿದ. "ಹೇಳಿದ್ರೆ ನೀನು ಹೋಗ್ಬಿಡ್ತೀಯಲ್ಲ."

ಲೈಫೆಂಗ್ ನೆಲಕ್ಕೆ ಕೂತು ಅವನ ಮೊಣಕಾಲಿಗೆ ತಲೆಯಿಟ್ಟಳು. ಇಬ್ಬರೂ ಒಂದೇ ಮಾತನ್ನು ಎರಡು ತುದಿಯಲ್ಲಿ ಹಿಡಿದು, ಬಿಟ್ಟರೆ ಆಚೆಯವರಿಗೆ ನೋವಾದೀತೆಂದು ಒಂದು ತಿಂಗಳಿಂದ ಕೂತಿದ್ದರು. ಇಂಥ ಜೋಡಿಗೆ ಐದು ಮೂಲಿಕೆ ಏನು ಮಾಡೀತು?

"ನಾನು ಇಲ್ಲ ಅಂತ ಹೇಳೋಳಿದ್ದೆ ಅವನಿಗೆ," ಎಂದಳು.

"ಅದು ಹೇಗೆ ಹೇಳ್ತೀಯ ನೀನು? ನಿನ್ನನ್ನ ಕೇಳ್ಬೇಕಾದ್ರೆ ಅವನು ಮೊದಲು ನನ್ನ ಮನೆ ಹೊಸಿಲಿಗೆ ಬರಬೇಕು. ಹೆಣ್ಣಿನ ಅಪ್ಪ ನಾನಿಲ್ವಾ?" ಎಂದ ಮುದುಕ. ಮುಚ್ಚಳವನ್ನು ಕಟ್ಟೆಯ ಮೇಲಿಟ್ಟ. "ಷುಯಿಗೆನ್ ಇದ್ದಿದ್ರೆ ಅವನೂ ಇದನ್ನೇ ಹೇಳ್ತಿದ್ದ." ಆ ಹೆಸರು ಆರು ವರ್ಷದ ಮೇಲೆ ಬಾವಿಕಟ್ಟೆಯಲ್ಲಿ ಗಟ್ಟಿಯಾಗಿ ಕೇಳಿತು.

ಹಬ್ಬದ ಹಿಂದಿನ ದಿನ ಆವೋ ಒಣಗಿದ ಅಂಗಿ ಹಾಕಿಕೊಂಡು ಬಂದ. ಮುದುಕ ಅವನನ್ನು ಹೊಸಿಲ ಹೊರಗೇ ನಿಲ್ಲಿಸಿ, ಹೆಣ್ಣು ಹೆತ್ತವರು ಕೇಳುವುದನ್ನೆಲ್ಲ ಕೇಳಿ, ಬೆವರಿಳಿಸಿ, ಆಮೇಲೆ ಒಳಗೆ ಕರೆದ. ಹೊಸ ವರ್ಷದ ನಂತರ ಮದುವೆ.

ಹೆಣ್ಣು ಮನೆ ಬಿಡುವ ಬೆಳಿಗ್ಗೆ ತಾಯಿ ದನಿ ತೆಗೆದು ಅಳಬೇಕು, ಅದು ಅಲ್ಲಿನ ಕಟ್ಟು. ಲೈಫೆಂಗಳಿಗೆ ತಾಯಿಯಿಲ್ಲ, ಅತ್ತೆ ಸತ್ತು ಯಾವ ಕಾಲವಾಯಿತು. ಯಾರು ಅಳುತ್ತಾರೆ ಎಂದು ಹೆಂಗಸರು ಗುಸುಗುಸು ಮಾಡುತ್ತಿದ್ದಾಗ ಮುದುಕ ನಿಯೆ ಬಾಗಿಲಿಗೆ ಬಂದ. ಕೆಂಪು ಬಟ್ಟೆಯಲ್ಲಿ ಸುತ್ತಿದ ತನ್ನ ಕತ್ತಿಯನ್ನು ಅವಳ ಗಂಟಿನೊಳಗೆ ಸೇರಿಸಿದ. "ನನ್ನ ಮಗಳೇ," ಎಂದು ಬಾಯಿ ತೆಗೆದವನು ಹಾಗೇ ಅಳತೊಡಗಿದ. ಎಂಥ ಅಳು! ಮಗನ ಹೆಸರು ಕರೆದು ಅತ್ತ, ಮಗಳ ಹೆಸರು ಕರೆದು ಅತ್ತ, ಆರು ವರ್ಷದ್ದನ್ನೆಲ್ಲ ಅಂದೇ ಅತ್ತ. ಕಲ್ಲು ಎಂದಿದ್ದ ಓಣಿ ಬಾಗಿಲುಬಾಗಿಲಿಗೆ ಬಂದು ನಿಂತು ಮೂಗು ಒರೆಸಿಕೊಂಡಿತು.

ಆ ಅಳುವಿನ ನಡುವೆ ಲೈಫೆಂಗ್ ತವರು ಬಿಟ್ಟು ಹೊರಟಳು. ಓಣಿಯ ಬಾಯಿಗೆ ಅಲ್ಲಿಂದ ನಲವತ್ತು ಹೆಜ್ಜೆ. ಮಾರನೆಯ ಬೆಳಿಗ್ಗೆ ಆರಕ್ಕೆ, ಬಿಸಿ ತೋಫುವಿನ ಒಂದು ಮೂಲೆ ಹಿಡಿದು ಅವಳು ವಾಪಸು ಬಂದಾಗ, ಅಪ್ಪ ಬೆಳ್ಳುಳ್ಳಿ ಸುಲಿಯುತ್ತಾ ಕೂತಿದ್ದ.

"ಗಂಟಲು ಹೇಗಿದೆ ಅಪ್ಪಾ?"

ಅವನು ಉಗುಳು ನುಂಗಿ ನೋಡಿದ.

"ಏನೂ ಇಲ್ಲ ಕಣೇ," ಎಂದ. "ತೋಫು ಕೊಡು, ಹಸಿವಾಗ್ತಿದೆ."