ಮೊದಲು ಆಂಬುಲೆನ್ಸ್, ಆಮೇಲೆ ಕ್ಷಮೆ

ಬೆಳಗಿನ ಐದು ಗಂಟೆ. ಜಪಾನಿನ ಉರಾಹಾಮಾ ಬಂದರಿನ ಮೇಲಿನ ಓಣಿಯಲ್ಲಿ ಹಾಲಿನ ಬಾಟಲಿಗಳ ಕಿಣಿಕಿಣಿ. ಅರವತ್ತನಾಲ್ಕರ ಇಕುಯೊ ಮಕಿಟಾ ಸ್ಕೂಟರ್ ನಿಲ್ಲಿಸಿ, ನಲವತ್ತಮೂರು ಮನೆಗಳ ಮೆಟ್ಟಿಲು ಹತ್ತಿಳಿಯುತ್ತಾರೆ. ಚೀಲದಲ್ಲಿ ಹಾಲಿನ ಜೊತೆ ದಪ್ಪ ಅಕ್ಷರದ ಹಾಳೆಗಳೂ ಇವೆ. ಫೋನಿನ ಪಕ್ಕದ ಗೋಡೆಗೆ ಅಂಟಿಸಲು, ಆಕೆಯೇ ಬರೆದದ್ದು.

ಹಾಳೆಯ ತಲೆಯಲ್ಲೇ ಅಪ್ಪಣೆ: 'ಕ್ಷಮೆ ಆಮೇಲೆ ಕೇಳಿ.' ಬೆಂಕಿಗೂ ಆಂಬುಲೆನ್ಸಿಗೂ ಒಂದೇ ನಂಬರು, 119. ನಾವು ಅದಕ್ಕೆ ಫೋನ್ ಮಾಡಿದರೂ, ಹೊತ್ತಲ್ಲದ ಹೊತ್ತಿನಲ್ಲಿ ತೊಂದರೆ ಕೊಟ್ಟೆವೆಂದು ಮೊದಲು ನಡು ಬಗ್ಗಿಸುವ ಜನ. ಅದರ ಕೆಳಗೆ 'ಕ್ಯೂಕ್ಯೂ', ಅಂದರೆ ಬೆಂಕಿಯಲ್ಲ, ಆಂಬುಲೆನ್ಸ್ ಬೇಕು. ಆಮೇಲೆ ಮನೆ ವಿಳಾಸ. ಆಮೇಲೆ 'ಎದೆ ಹಿಂಡುತ್ತಿದೆ', 'ನಾಲಿಗೆ ತೊದಲುತ್ತಿದೆ', 'ಕರೆದರೆ ಓಗೊಡುತ್ತಿಲ್ಲ'.

"ಹೃದಯಾಘಾತ, ಲಕ್ವ ಅಂತೆಲ್ಲ ಡಾಕ್ಟರು ಹೆಸರಿಟ್ಕೋತಾರೆ. ನಾವು ಮೈಗೆ ಏನಾಗ್ತಿದೆ ಅಂತ ಹೇಳಿದ್ರೆ ಸಾಕು" ಎನ್ನುತ್ತಾರೆ ಇಕುಯೊ.

ಹನ್ನೊಂದು ವರ್ಷದ ಹಿಂದೆ ಇಂಥದೇ ನಸುಕಿನಲ್ಲಿ ಗಂಡ ಯೊಶಿಹಾರು ಎದೆ ಹಿಡಿದು ಕುಳಿತರು. ಸೈರನ್ನಿಗೆ ಓಣಿಯೆಲ್ಲ ಎದ್ದೀತು, ಬೆಳಕಾಗಲಿ ಎಂದರು. ಇಕುಯೊ ಕಾದರು. ಕಾಯುತ್ತ ಅಡುಗೆಮನೆ ಒರೆಸಿದರು. ಬರುವವರ ಕಣ್ಣಿಗೆ ಕೊಳಕು ಬೀಳಬಾರದಲ್ಲ.

"ನೆಲ ಫಳಫಳ ಅಂತಿತ್ತು. ಅವ್ರು ಇರ್ಲಿಲ್ಲ."



ಹಾಳೆ ಅಂಟಿಸಿಕೊಳ್ಳಲು ಜನ ಸುಲಭಕ್ಕೆ ಒಪ್ಪಲಿಲ್ಲ. ದೋಣಿ ಕಟ್ಟುವ ಬಡಗಿ ನಿಶಿಗಾಕಿಯಂತೂ, ಹಾಲಿನವಳು ಸಾವಿನ ಚೀಟಿ ಹಂಚುತ್ತಾಳೆ ಎಂದು ಊರೆಲ್ಲ ಹೇಳಿಕೊಂಡು ಬಂದರು. ಅವರ ಹೆಂಡತಿ ಫುಸಾ ಸದ್ದಿಲ್ಲದೆ ಅಂಟಿಸಿಕೊಂಡರು. ಕಳೆದ ಫೆಬ್ರವರಿಯಲ್ಲಿ, ಬೆಳಕು ಹರಿಯುವ ಮುನ್ನ, ನಿಶಿಗಾಕಿಯ ಎದೆಯೇ ಹಿಂಡಿತು. "ಫೋನು ಗೀನು ಬೇಡ ಕಣೇ, ನಂಗೇನೂ ಆಗಿಲ್ಲ" ಎಂದು ಅವರು ಬೆವರುತ್ತಲೇ ಗದರಿದರು. ಫುಸಾ ಕಿವಿಗೆ ಹಾಕಿಕೊಳ್ಳದೆ ಹಾಳೆಯ ಒಂದೊಂದೇ ಸಾಲು ಫೋನಿನಲ್ಲಿ ಓದಿ ಹೇಳಿದರು. ಇವತ್ತು ಅದೇ ನಿಶಿಗಾಕಿ ಬಾಗಿಲಲ್ಲಿ ನಿಂತು, ಹಾಲು ಎರಡು ನಿಮಿಷ ತಡವಾಯಿತೆಂದು ಇಕುಯೊ ಮೇಲೆ ರೇಗುತ್ತಾರೆ. ಆ ಬೈಗುಳ ಕೇಳುವುದು ಆಕೆಗೆ ಬಲು ಖುಷಿ.

ಗಂಡ ಆಸ್ಪತ್ರೆಯಿಂದ ಬಂದ ವಾರವೇ ಫುಸಾ, ಪದ್ಧತಿಯಂತೆ, ಸಿಹಿಯ ಡಬ್ಬಿ ಹಿಡಿದು ಮನೆಮನೆಗೆ ಹೋಗಿ ಸೈರನ್ ಸದ್ದಿಗೆ ಕ್ಷಮೆ ಕೇಳಿದರು. ಇಕುಯೊ ಮನೆಗೂ ಬಂದರು.

"ಸಿಹಿ ಇಟ್ಕೊಂಡೆ, ಕ್ಷಮೆ ವಾಪಸ್ ಕೊಟ್ಟೆ" ಎನ್ನುತ್ತ ಇಕುಯೊ ಸ್ಕೂಟರ್ ಹತ್ತುತ್ತಾರೆ. "ಹನ್ನೊಂದು ವರ್ಷದಿಂದ ಒಂದೇ ಆಸೆ ನಂದು. ಈ ಓಣಿಯವ್ರ ನಿದ್ದೆ ಕೆಡ್ಲಿ."