ತೂತು ಹೇಳಿದ ಮೀನು

ಪುರವರದ ಕೆರೆ ಏರಿಯ ಮೇಲೆ ಕೂತು ಹರಿದ ಬಲೆಗಳನ್ನು ಹೆಣೆದುಕೊಡುವ ಮುದುಕಿಯೊಬ್ಬಳಿದ್ದಳು. ಯಾವ ಬಲೆ ಬಂದರೂ ಮೊದಲು ತೂತಿನಲ್ಲಿ ಬೆರಳಾಡಿಸಿ, "ತೂತು ಸುಳ್ಳು ಹೇಳಾಕಿಲ್ಲ ಕಣಮ್ಮ" ಅನ್ನುವಳು.

ಯಾರೋ ಮನೆಯ ಗಾಜಿನ ತೊಟ್ಟಿಯಿಂದ ತಂದು ಬಿಟ್ಟ ಮುಳ್ಳುಮೈಯ ಪರದೇಶಿ ಮೀನು ಯಾವ ಯಾವ ಕೆರೆಯಲ್ಲಿದೆ ಎಂದು ಪಟ್ಟಿ ಮಾಡಲು ಮೀನುಗಾರಿಕೆ ಇಲಾಖೆಯಿಂದ ನಾನೂ ನಮ್ಮ ಸಾಹೇಬರೂ ಹೋಗಿದ್ದೆವು. ಸಾಹೇಬರು ಏರಿಯಿಂದಲೇ ನೀರು ನೋಡಿ, "ಇಲ್ಲ ಅಂತ ಬರ್ಕೊಳ್ಳಮ್ಮ" ಎಂದರು. ಬರೆದೆ.

ಮುದುಕಿ ಎದ್ದವಳೇ ಕೈಲಿದ್ದ ಬಲೆಯನ್ನು ಜೀಪಿಗೆ ಅಡ್ಡಲಾಗಿ ಹಾಸಿ ಅದರ ಮೇಲೆ ಕೂತಳು. ತೂತಿನಂಚಿಗೆ ಸಿಕ್ಕಿದ್ದ ಗರಗಸದಂಥ ಮುರಿದ ಮುಳ್ಳನ್ನು ಕಿತ್ತು ನನ್ನ ಪಟ್ಟಿಯ ಮೇಲಿಟ್ಟಳು.

"ಇಲ್ದಿರಾ ಮೀನು ಬಲೆ ಹರಿಯುತ್ತೇನಮ್ಮ? ಬರ್ದಿದ್ದನ್ನ ಹೊಡೆದಾಕು. ಅಲ್ಲೀಗಂಟ ಏಳಾಕಿಲ್ಲ."

ಸಾಹೇಬರು ಜೀಪು ಹತ್ತಿ ಹಾರನ್ ಬಾರಿಸಿದರು. ಅವಳು ನಿಧಾನವಾಗಿ ಸೂಜಿಗೆ ದಾರ ಪೋಣಿಸತೊಡಗಿದಳು.

ನಾನು 'ಇಲ್ಲ'ವನ್ನು ಹೊಡೆದುಹಾಕಿದೆ.