ಉಂಗುರ ತೆಗೆಸಿದ ಮಿಸ್ತ್ರಿ

ಮಿಸ್ತ್ರಿಯ ಎಡಗೈಯ ಉಂಗುರದ ಬೆರಳು ನಡುವಿನ ಗೆಣ್ಣಿಗೇ ಮುಗಿದಿತ್ತು. ತುದಿಯ ಚರ್ಮ ನುಣ್ಣಗೆ ಹೊಳೆಯುತ್ತಿತ್ತು, ಒಂದು ಬದಿಗೆ ಮಾತ್ರ ಚೀಲದ ಬಾಯಿ ಹೊಲಿದಂತೆ ಸುಕ್ಕುಗಟ್ಟಿತ್ತು. ವರ್ಕ್‌ಶಾಪಿನೊಳಗೆ ಆ ಕೈ ಎಲ್ಲ ಕೆಲಸಕ್ಕೂ ಮುಂದು. ಗೇಟು ದಾಟಿದರೆ ಪ್ಯಾಂಟಿನ ಜೇಬು ಸೇರಿಬಿಡುತ್ತಿತ್ತು.

ರಾಣೆಬೆನ್ನೂರಿನ ಹೊರವಲಯದಲ್ಲಿ ಟ್ರ್ಯಾಕ್ಟರ್ ಟ್ರೇಲರ್ ಕಟ್ಟುವ ವರ್ಕ್‌ಶಾಪು ನಮ್ಮದು. ನಾನು ವೆಲ್ಡರ್, ಅವರು ನಮ್ಮೆಲ್ಲರ ಮೇಲಿನ ಮಿಸ್ತ್ರಿ. ಅವರಷ್ಟು ಅಂಜುವ ಇನ್ನೊಬ್ಬ ಮನುಷ್ಯನನ್ನು ನಾನು ಕಂಡಿಲ್ಲ. ಗ್ರೈಂಡರಿನ ಸದ್ದು ಚೂರು ಬದಲಾದರೂ ಊಟದ ಡಬ್ಬಿ ಬಿಟ್ಟು ಓಡಿಬರುತ್ತಿದ್ದರು. ಜ್ಯಾಕು ಗಟ್ಟಿಯಾಗಿ ನಿಂತಿದೆಯೋ ಇಲ್ಲವೋ ಎಂದು ಮೂರು ಸಲ ಒದ್ದು ನೋಡುತ್ತಿದ್ದರು. ವಾಚು, ಕಡಗ, ಉಂಗುರ ಏನಿದ್ದರೂ ಬಾಗಿಲ ಪಕ್ಕದ ಮೊಳೆಗೆ ತೂಗುಹಾಕಿಯೇ ಒಳಗೆ ಬರಬೇಕು. ಸಂಜೆ ಮನೆಗೆ ಬಿಡುವಾಗ, "ಹತ್ತೂ ಅದಾವೇನ್ರಲೇ?" ಎಂದು ಎಲ್ಲರ ಕೈ ಬಿಚ್ಚಿಸಿ ನೋಡುತ್ತಿದ್ದರು. ನಾವು ಹಿಂದಿನಿಂದ ನಗುತ್ತಿದ್ದೆವು. ಅವರ ಬೆರಳು ಹೇಗೆ ಹೋಯಿತೆಂದು ಕೇಳುವ ಧೈರ್ಯ ಮಾತ್ರ ಯಾರಿಗೂ ಇರಲಿಲ್ಲ.

ಅಷ್ಟರಲ್ಲಿ ನನ್ನ ಮದುವೆಗೆ ಬ್ಯಾಡಗಿಯ ಹುಡುಗಿ ಗೊತ್ತಾದಳು. ನಮ್ಮಪ್ಪನ ಕಾಲಕ್ಕೆ ಹುಡುಗಿಗೆ ಸೀರೆ ಉಡಿಸಿ ಸಕ್ಕರೆ ಹಂಚಿದರೆ ನಿಶ್ಚಯ ಮುಗಿಯುತ್ತಿತ್ತಂತೆ. ಉಂಗುರವನ್ನು ಎಲ್ಲೋ ಕೆಲವರು ವರನಿಗೆ ಮಾತ್ರ ಹಾಕುತ್ತಿದ್ದರು. ನಮ್ಮದಕ್ಕೆ ವೇದಿಕೆ, ಕೇಕು, ಇಬ್ಬರಿಗೂ ಉಂಗುರ. ಫೋಟೊ ಸರಿಯಾಗಿ ಬರಲಿಲ್ಲವೆಂದು ಫೋಟೊಗ್ರಾಫರ್ ಮೂರು ಸಲ ತೊಡಿಸಿದ. ಅದಾದ ಮೇಲೆ ಹುಡುಗಿಯ ಅಜ್ಜಿ ನನ್ನ ಕೈ ಹಿಡಿದುಕೊಂಡು, "ಅಕ್ಕಿಕಾಳು ಬೀಳೂ ಮಟ ಇದನ್ನ ಕೈಯಾಗಿಂದ ತಗೀಬ್ಯಾಡ್ರಿ, ಅಳಿಯಾರ" ಅಂದಳು. ಸುಮ್ಮನೆ ಅಂದದ್ದಲ್ಲ. ಅವಳ ಹಿರಿಯ ಮೊಮ್ಮಗಳಿಗೆ ಗೊತ್ತಾದ ವರ ಉಂಗುರ ತೆಗೆದು ಕಪಾಟಿನಲ್ಲಿಟ್ಟಿದ್ದ, ತಿಂಗಳೊಳಗೆ ಮದುವೆಯೇ ಬೇಡವೆಂದಿದ್ದ. ನಾನು ಹೂಂ ಅಂದೆ. ಅಕ್ಕಿಕಾಳು ಬೀಳುವ ಮದುವೆಗೆ ಇನ್ನೂ ನಾಲ್ಕು ತಿಂಗಳಿತ್ತು.

ಸೋಮವಾರ ಬೆಳಿಗ್ಗೆ ಮಿಸ್ತ್ರಿ ಬಾಗಿಲಲ್ಲೇ ಅಡ್ಡ ನಿಂತರು.

"ತಗಿ."

"ಅಕ್ಕಿಕಾಳು ಬೀಳೂ ಮಟ ತಗೀಬಾರದಂತ್ರೀ, ಮಿಸ್ತ್ರಿ."

"ಹಂಗಾರ ಅಕ್ಕಿಕಾಳು ಬಿದ್ದ ಮ್ಯಾಲೆ ಕೆಲಸಕ್ಕ ಬಾ."

ತೆಗೆದೆ. ಅಂದಿನಿಂದ ಮಧ್ಯಾಹ್ನ ಹುಡುಗಿಯ ವಿಡಿಯೊ ಕಾಲ್ ಬಂದರೆ ಮೊಳೆಯ ಹತ್ತಿರ ಓಡಿ, ಉಂಗುರ ತೊಟ್ಟು, ಉಸಿರು ತಿರುಗಿಸಿಕೊಂಡು ಹಲೋ ಅನ್ನುತ್ತಿದ್ದೆ. ಅವಳ ಭುಜದ ಹಿಂದೆ ಅಜ್ಜಿಯ ಮುಖ ಇದ್ದೇ ಇರುತ್ತಿತ್ತು. ಒಂದು ದಿನ ಬೇರೆ ಯಾರದೋ ಕರೆ ಎಂದುಕೊಂಡು ಗ್ರೀಸು ಮೆತ್ತಿದ ಕೈಯಲ್ಲೇ ಎತ್ತಿಬಿಟ್ಟೆ.

"ಕೈ ತೋರಸ್ರಿ" ಅಂದಳು ಅಜ್ಜಿ.

ಬಲಗೈ ತೋರಿಸಿದೆ.

"ಆ ಕೈ."

ನಾನು ಮಾಡಿದ ಘನಕಾರ್ಯವೆಂದರೆ ಫೋನ್ ಕಟ್ ಮಾಡಿದ್ದು. ಮರಳಿ ಹಚ್ಚಿದರೆ ಆ ಕಡೆ ಯಾರೂ ಎತ್ತಲಿಲ್ಲ. ಸಂಜೆ ಹುಡುಗಿಯ ಒಂದು ಸಾಲಿನ ಮೆಸೇಜು ಬಂತು: "ಅಜ್ಜಿ ಊಟ ಬಿಟ್ಟಾಳ." ಮೂರನೆಯ ದಿನ ಅವಳ ಅಪ್ಪ ನಮ್ಮಪ್ಪನಿಗೆ ಫೋನ್ ಮಾಡಿ, "ರವಿವಾರ ಬರ್ರಿ, ಹಿರೇರು ಒಂದೀಟು ಕುಂತು ಮಾತಾಡೂಣು" ಅಂದರು. ಇಂಥ ಮಾತು ಎಲ್ಲಿಗೆ ಮುಟ್ಟುತ್ತದೆ ಎಂಬುದು ನಮ್ಮ ಕಡೆ ಎಲ್ಲರಿಗೂ ಗೊತ್ತು. ಅವ್ವ ದೇವರ ಮುಂದೆ ಹೋಗಿ ಕುಳಿತಳು. ನಾನು ವರ್ಕ್‌ಶಾಪಿನಲ್ಲಿ ಒಂದು ಟ್ರೇಲರಿನ ಬಿಜಾಗರಿಗಳನ್ನೆಲ್ಲ ತಿರುಗಾಮುರುಗಾ ಹಚ್ಚಿಬಿಟ್ಟೆ.

"ಎಲ್ಲೈತೋ ನಿನ್ನ ಲಕ್ಷ್ಯ?" ಎಂದು ಮಿಸ್ತ್ರಿ ಬೈಯಲು ಬಂದರು. ನಾನು ಎಲ್ಲ ಹೇಳಿದೆ. ಕೊನೆಗೆ ಸಿಟ್ಟು ತಡೆಯಲಾರದೆ, "ನಿಮ್ಮಿಂದನ ಆತ್ರೀ ಇದು" ಎಂದೂ ಅಂದೆ. ಅವರು ನಾನು ಹಚ್ಚಿದ್ದನ್ನು ತಾವೇ ಬಿಚ್ಚತೊಡಗಿದರು.

ರವಿವಾರ ನಾನೂ ಅಪ್ಪನೂ ಬಸ್‌ಸ್ಟ್ಯಾಂಡಿಗೆ ಹೋದರೆ ಮಿಸ್ತ್ರಿ ಇಸ್ತ್ರಿಯ ಅಂಗಿ ತೊಟ್ಟು ಅಲ್ಲಿ ನಿಂತಿದ್ದರು. "ನಾನೂ ಬರ್ತೇನಿ" ಅಂದರು, ಅಷ್ಟೇ. ಬಸ್ಸಿನಲ್ಲಿ ಕಿಟಕಿ ಪಕ್ಕ ಕುಳಿತರೂ ಬೆವರು ಒರೆಸಿಕೊಳ್ಳುತ್ತಲೇ ಇದ್ದರು. ನನಗೆ ನನ್ನದೇ ಚಿಂತೆಯಾಗಿತ್ತು.

ಆ ಮನೆಯಲ್ಲಿ ಯಾರೂ ನಗಲಿಲ್ಲ. ಚಹಾ ಬಂದರೂ ಯಾರೂ ಕಪ್ಪು ಮುಟ್ಟಲಿಲ್ಲ. ಅಜ್ಜಿ ಮಂಚದ ಮೇಲಿದ್ದಳು. ಮಿಸ್ತ್ರಿ ಖುರ್ಚಿ ಬಿಟ್ಟು ಅವಳ ಮುಂದೆ ನೆಲಕ್ಕೆ ಕುಳಿತರು. ಎಡಗೈಯನ್ನು ಜೇಬಿನಿಂದ ತೆಗೆದು ಅವಳ ಕಾಲ ಹತ್ತಿರ ಮಂಚದ ಅಂಚಿಗೆ ಇಟ್ಟರು.

"ಇದು ನನ್ನ ನಿಶ್ಚಯದ ಉಂಗುರ ಹಾಕಿದ್ದ ಬೆರಳ್ರೀ, ಅಮ್ಮಾರ. ಟ್ರೇಲರ್ ಮ್ಯಾಲಿಂದ ಜಿಗದೆ. ಉಂಗುರ ಹಿಂಬಾಗಲ ಕೊಂಡಿಗೆ ಸಿಗತು. ನಾ ಕೆಳಗ ಬಂದೆ, ಬೆರಳು ಮ್ಯಾಲೆ ಉಳೀತು."

ನಾನು, ಅಪ್ಪ ಮುಖ ಮುಖ ನೋಡಿಕೊಂಡೆವು.

"ಹುಡುಗಿ ಕಡ್ಯಾರು ದವಾಖಾನಿಗೆ ಬಂದು ನೋಡಿದ್ರು. ಅಪಶಕುನ ಅಂದ್ರು, ಮದುವಿ ಬ್ಯಾಡಂದ್ರು. ನಾ ಅವರನ್ನ ಬೈಯೂದಿಲ್ರೀ, ಪಾಪ, ಅಂಜಿದ್ರು. ಈಗ ನೀವು ಅಂಜೀರಿ, ನಾನೂ ಅಂಜೇನಿ. ಈ ಹುಡುಗ ಮದುವಿ ಬ್ಯಾಡಂತ ಉಂಗುರ ತಗದಿಲ್ರೀ. ನಾ ಬೈದೇನಂತ ತಗದಾನ."

ಅಜ್ಜಿ ಬಗ್ಗಿ ಆ ಅರ್ಧ ಬೆರಳನ್ನು ಮುಟ್ಟಿ, "ಈಗೂ ಬ್ಯಾನಿ ಆಗತೈತೇನೋ ತಮ್ಮಾ?" ಅಂದಳು.

"ಥಂಡ್ಯಾಗ ಒಂಚೂರು ಆಗತೈತ್ರಿ."

"ಹಂಗಾರ ಉಂಗುರ ದಾರದಾಗ ಪೋಣಿಸಿ ಕೊಳ್ಳಾಗ ಹಾಕ್ಕೊಳ್ಳಲಿ."

"ಬ್ಯಾಡ್ರೀ! ಗ್ರೈಂಡರ್‌ಗೆ ಸಿಕ್ಕರ ಕುತ್ತಿಗಿನ ಹೋಗತೈತಿ!" ಮಿಸ್ತ್ರಿ ಕಿರುಚಿಯೇಬಿಟ್ಟರು.

ಬಾಗಿಲ ಹಿಂದಿನಿಂದ ನನ್ನ ಹುಡುಗಿ ಬಾಯಿ ಹಾಕಿದಳು. "ಕೆಲಸಕ್ಕ ಹೋಗುವಾಗ ತಗೀಲಿ ಬಿಡಜ್ಜಿ, ಸಂಜೀಕ ಹಾಕ್ಕೊಳ್ಳಲಿ. ನಾನೂ ಹಿಟ್ಟು ನಾದುವಾಗ ತಗದ ಇಡ್ತೇನಿ."

"ನೀನೂ?" ಅಜ್ಜಿ ಅವಳನ್ನು ನೋಡಿದಳು, ನನ್ನನ್ನು ನೋಡಿದಳು. "ಇಬ್ಬರೂ ಕಳ್ಳರ ಅದೀರಿ. ಸರಿ ಹೊಂದೈತಿ ಜೋಡಿ." ಆಗ ಎಲ್ಲರೂ ಕಪ್ಪು ಎತ್ತಿಕೊಂಡರು.

ಮದುವೆ ನಡೆಯಿತು. ಇವತ್ತಿಗೂ ನಾನು ಕೆಲಸಕ್ಕೆ ಹೋಗುವಾಗ ಉಂಗುರವನ್ನು ಮನೆಯಲ್ಲೇ ಬಿಟ್ಟು ಹೋಗುತ್ತೇನೆ. ಹೆಂಡತಿ ಹಬ್ಬ ಹುಣ್ಣಿಮೆಗಷ್ಟೇ ತೊಡುತ್ತಾಳೆ. ನಮ್ಮನ್ನು ಯಾರೂ ಕೇಳುವುದಿಲ್ಲ.

ಹೋದ ವರ್ಷ ಮಿಸ್ತ್ರಿ ತೀರಿಕೊಂಡರು. ಬೆಳಿಗ್ಗೆ ಚಹಾ ಕುಡಿದು ಎದೆ ಹಿಡಿದುಕೊಂಡವರು ದವಾಖಾನೆ ಮುಟ್ಟಲಿಲ್ಲ. ಮಣ್ಣು ಮುಗಿದು ಮೂರನೆಯ ದಿನ ನಾವಿಬ್ಬರೂ ಅವರ ಮನೆಗೆ ಹೋದೆವು. ಅವರ ಹೆಂಡತಿ ನನ್ನ ಹೆಂಡತಿಯನ್ನು ಪಕ್ಕಕ್ಕೆ ಕೂರಿಸಿಕೊಂಡು, "ಬ್ಯಾಡಗಿಯಾಕಿ ನೀನ ಏನವ್ವಾ?" ಎಂದು ಕೇಳಿದರು. ಹೌದು ಎಂದಳು.

"ಮೊದಲು ಇವರಿಗೆ ಗೊತ್ತಾದ ಹುಡುಗೀದೂ ಬ್ಯಾಡಗಿನವ್ವಾ. ಅದು ಮುರದ ಮ್ಯಾಲೆ ಆ ಊರಾಗ ಕಾಲ ಇಟ್ಟಿರಲಿಲ್ಲ. ನನ್ನ ತಂಗಿ ಮಗಳ ಮದುವಿ ಅಲ್ಲೇ ಆತು, ಆಗೂ ಬರಲಿಲ್ಲ. ನಿಮ್ಮ ಸಲುವಾಗಿ ಅದೊಂದ ಸಲ ಹೋದ್ರು. ಬಂದವರು ಮೂರು ದಿನ ಜ್ವರದಾಗ ಮಲಗಿಬಿಟ್ಟಿದ್ರು."

ಆ ಮೂರು ದಿನಗಳು ನನಗೆ ಚೆನ್ನಾಗಿ ನೆನಪಿವೆ. ಮಿಸ್ತ್ರಿ ಕೆಲಸಕ್ಕೆ ಬಂದಿರಲಿಲ್ಲ. ನಾನು ಲಗ್ನಪತ್ರಿಕೆಯಲ್ಲಿ ಯಾರ ಹೆಸರು ಮೊದಲು ಬರಬೇಕೆಂದು ಮನೆಯವರ ಜೊತೆ ಖುಷಿಯಾಗಿ ಜಗಳವಾಡುತ್ತಿದ್ದೆ. ಯಾಕೆ ಬಂದಿಲ್ಲ ಮಿಸ್ತ್ರಿ ಎಂದು ಒಂದು ಫೋನ್ ಕೂಡ ಮಾಡಲಿಲ್ಲ.